ಗೊತ್ತಿಲ್ಲ ಬುದ್ಧಿ

ಮೈಸೂರು ಸೀಮೆಯ ಹಳ್ಳಿಗಳಲ್ಲಿ ‘ಬುದ್ಧಿ’ ಎಂಬ ಮಾತಿಗೆ ಎರಡು ಅರ್ಥ. ಒಂದು ನಿಘಂಟಿನಲ್ಲಿರುವುದು: ತಿಳಿವು, ವಿವೇಕ, ಅರಿವು. ಇನ್ನೊಂದು ನಮ್ಮ ತಾತ ಮುತ್ತಾತಂದಿರ ಬಾಯಲ್ಲಿದ್ದದ್ದು: ಒಡೆಯ. ಜಗಲಿಯಿಂದ ದೂರ ನಿಂತು, ಹೆಗಲ ಮೇಲಿನ ಟವೆಲ್ಲನ್ನು ಕಂಕುಳಿಗೆ ಸೇರಿಸಿಕೊಂಡು, ‘ಕರೆದ್ರಾ ಬುದ್ಧಿ’, ‘ಆಯ್ತು ಬುದ್ಧಿ’, ‘ತಪ್ಪಾಯ್ತು ಬುದ್ಧಿ’ ಎಂದವರು ಅವರು. ಒಂದು ಸಮಾಜ ಅರಿವಿಗೆ ಇಟ್ಟ ಹೆಸರನ್ನೇ ಒಡೆಯನಿಗೂ ಇಟ್ಟಿತು ಅಂದರೆ ಏನರ್ಥ? ಬುದ್ಧಿ ಜಗಲಿಯ ಮೇಲೆ ಕೂತಿದೆ, ಕೆಳಗೆ ನಿಂತವನ ಹತ್ತಿರ ಇರುವುದು ಬರೀ ಮೈ ಎಂದು ಭಾಷೆಯೇ ತೀರ್ಪು ಬರೆದಿಟ್ಟಿತು ಎಂದರ್ಥ.

ಆ ತೀರ್ಪಿನ ಅಡಿಯಲ್ಲಿ ಬದುಕಿದವರು ಒಂದು ವಾಕ್ಯವನ್ನು ಗುರಾಣಿಯ ಹಾಗೆ ಹಿಡಿದುಕೊಂಡಿದ್ದರು. ‘ಗೊತ್ತಿಲ್ಲ ಬುದ್ಧಿ.’ ತೋಪಿನ ಮರ ಕಡಿದವರು ಯಾರೋ? ಗೊತ್ತಿಲ್ಲ ಬುದ್ಧಿ. ನಿನ್ನ ಮಗ ರಾತ್ರಿ ಯಾವ ಮೀಟಿಂಗಿಗೆ ಹೋಗಿದ್ದ? ಗೊತ್ತಿಲ್ಲ ಬುದ್ಧಿ. ನಿಮ್ಮ ಕೇರೀಲಿ ಎದುರು ಮಾತಾಡಿದ್ದು ಯಾವನು? ಗೊತ್ತಿಲ್ಲ ಬುದ್ಧಿ. ಎಲ್ಲಾ ಗೊತ್ತಿತ್ತು. ಗೊತ್ತು ಅಂದಿದ್ದರೆ ಬೆನ್ನು ಉಳಿಯುತ್ತಿರಲಿಲ್ಲ. ಏನನ್ನು, ಯಾರ ಮುಂದೆ, ಎಷ್ಟು ಗೊತ್ತಿಲ್ಲ ಎನ್ನಬೇಕು ಎಂಬುದು ಕೇರಿಯಲ್ಲಿ ಮಕ್ಕಳು ಮೊದಲು ಕಲಿಯಬೇಕಾಗಿದ್ದ ವಿದ್ಯೆ.

ಈ ಹಳೆಯ ಮಾತನ್ನು ಈಗ ಎತ್ತುವುದಕ್ಕೆ ಕಾರಣ ಇದೆ. ಆ ವಿದ್ಯೆ ಕಲಿತು ಬೆಳೆದ ತಲೆಮಾರಿಗೆ ಈಗ ಎಪ್ಪತ್ತು, ಎಂಬತ್ತು ವರ್ಷ. ಅವರನ್ನು ಈಗ ಮತ್ತೆ ಕೂರಿಸಿ ಪ್ರಶ್ನೆ ಕೇಳಲಾಗುತ್ತಿದೆ. ಕೇಳುವವರು ಗೌಡರಲ್ಲ, ಪೊಲೀಸರಲ್ಲ. ಬಿಳಿ ಕೋಟಿನವರು, ಸಮೀಕ್ಷೆಯವರು. ಇವತ್ತು ಯಾವ ತಾರೀಖು? ನೂರರಲ್ಲಿ ಏಳು ಕಳೆದರೆ ಎಷ್ಟು? ನಾನು ಹೇಳಿದ ಮೂರು ಪದ ಯಾವುವು? ಉತ್ತರಕ್ಕೆ ಅಂಕ. ಅಂಕ ಒಂದು ಗೆರೆಗಿಂತ ಕೆಳಗಿದ್ದರೆ ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಇರಬಹುದೆಂಬ ಅನುಮಾನ. ಶಾಲೆಯ ಬಾಗಿಲು ಕಾಣದವರನ್ನು ಶಾಲೆಯ ಕೊಳಗದಿಂದ ಅಳೆದರೆ ಬಂದ ಅಳತೆ ಯಾರದು, ಆ ಮುದುಕಿಯದೋ, ಅವಳಿಗೆ ಅಕ್ಷರ ಕೊಡದ ನಮ್ಮ ಸಮಾಜದ್ದೋ? ಹಾಗಂತ ಈ ಅಳತೆಯೇ ಬೇಡ ಎಂದು ಎದ್ದು ಬಂದರೆ ನಷ್ಟ ಯಾರಿಗೆ? ಈ ಎರಡನ್ನೂ ಒಟ್ಟಿಗೆ ಕೇಳಿಕೊಳ್ಳದಿದ್ದರೆ ನಾವು ಅರ್ಧ ಸತ್ಯವನ್ನೇ ಹಿಡಿದು ಘೋಷಣೆ ಕೂಗಿದ ಹಾಗಾಗುತ್ತದೆ.

*

ಬೋಗಾದಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಹಳ್ಳಿಯಾಗಿದ್ದ ಬೋಗಾದಿಯನ್ನು ಮೈಸೂರು ಬೆಳೆಯುತ್ತಾ ಬೆಳೆಯುತ್ತಾ ನುಂಗಿಕೊಂಡಿತು. ಹೊಲಗಳು ಲೇಔಟುಗಳಾದವು. ಇಲ್ಲಿಂದ ಪೇಟೆಗೆ ಹೋಗುವ ದಾರಿಯಲ್ಲಿ ಮಾನಸಗಂಗೋತ್ರಿ ಸಿಗುತ್ತದೆ. ಮನಸ್ಸನ್ನು ಅಳೆಯುವ ವಿದ್ಯೆ ನಮ್ಮ ನಾಡಿಗೆ ಬಂದದ್ದೂ ಮೈಸೂರಿನ ಮೂಲಕವೇ. ೧೯೨೪ರಲ್ಲಿ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾಯಿತು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಸ್ಪಿಯರ್‌ಮನ್ ಎಂಬ ಪ್ರೊಫೆಸರರ ಕೈಕೆಳಗೆ ಕಲಿತವರು. ೧೯೩೫ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ನಡೆಸಿ ‘ಆಕಾಶವಾಣಿ’ ಎಂಬ ಹೆಸರು ಬರಲು ಕಾರಣರಾದವರೂ ಅವರೇ. ಅವರ ಗುರು ಸ್ಪಿಯರ್‌ಮನ್ ೧೯೦೪ರಲ್ಲಿ ಮಂಡಿಸಿದ ವಾದ ಇದು: ಮನುಷ್ಯನ ಎಲ್ಲ ಜಾಣತನಗಳ ಹಿಂದೆ ಒಂದೇ ಒಂದು ಸಾಮಾನ್ಯ ಶಕ್ತಿ ಇದೆ, ಅದನ್ನು ಅಂಕಿಯಲ್ಲಿ ಹಿಡಿಯಬಹುದು. ಆಮೇಲೆ ವಿ.ವಿ. ಕಾಮತ್ ಎಂಬುವರು ಫ್ರಾನ್ಸಿನ ಬಿನೆಯ ಬುದ್ಧಿ ಪರೀಕ್ಷೆಯನ್ನು ಮರಾಠಿ ಮತ್ತು ಕನ್ನಡ ಮಕ್ಕಳಿಗೆ ಒಗ್ಗಿಸಿ ೧೯೪೦ರಲ್ಲಿ ಪುಸ್ತಕ ತಂದರು. ೧೯೬೫ರಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿಗೆ ಬಂತು. ಕಿವಿ, ಮಾತು, ನೆನಪು ಕೆಟ್ಟವರನ್ನು ಕನ್ನಡದಲ್ಲೇ ಪರೀಕ್ಷಿಸುವ ಕೆಲಸ ಅಲ್ಲಿ ನಡೆದಿದೆ.

ಬೋಗಾದಿ ಈ ವಿದ್ಯೆಯ ಬೇಲಿಗೆ ಒತ್ತಿಕೊಂಡಿರುವ ಊರು. ಬೇಲಿಯ ಈ ಕಡೆ ಗಾರೆ ಹೊತ್ತ, ನಾಟಿ ಹಾಕಿದ, ಕಸ ಗುಡಿಸಿದ ಮುದುಕಿಯರು ಇದ್ದಾರೆ. ಅವರು ಶಾಲೆ ಸೇರುವ ವಯಸ್ಸಿನಲ್ಲಿದ್ದಾಗ ದೇಶ ಹೇಗಿತ್ತು? ೧೯೫೧ರ ಜನಗಣತಿಯಲ್ಲಿ ಅಕ್ಷರ ಬಲ್ಲವರು ನೂರಕ್ಕೆ ೧೮. ಹೆಂಗಸರಲ್ಲಿ ನೂರಕ್ಕೆ ೯ ಜನವೂ ಇಲ್ಲ. ಮೈಸೂರು ಸರ್ಕಾರ ೧೯೧೫ರಲ್ಲೇ ಪಂಚಮರಿಗೆ ಶಾಲೆ ತೆರೆಯಬೇಕೆಂದು ಆಜ್ಞೆ ಮಾಡಿತ್ತು. ಆಜ್ಞೆ ಕಾಗದದ ಮೇಲಿತ್ತು, ದನ ಮೇಯಿಸಲು ಹೋದ ಹುಡುಗಿ ಹೊಲದಲ್ಲಿದ್ದಳು. ಇಬ್ಬರೂ ಭೇಟಿಯಾಗಲಿಲ್ಲ.

*

ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಾದ ಪರೀಕ್ಷೆಯೊಂದನ್ನು ನೋಡೋಣ. ಫೋಲ್‌ಸ್ಟೀನ್ ಮತ್ತು ಸಂಗಡಿಗರು ೧೯೭೫ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ್ದು. ಒಟ್ಟು ೩೦ ಅಂಕ. ಹತ್ತು ನಿಮಿಷದ ಕೆಲಸ. ತಾರೀಖು, ವಾರ, ತಿಂಗಳು, ವರ್ಷ, ಋತು ಹೇಳಬೇಕು. ಇರುವ ಜಾಗ ಹೇಳಬೇಕು. ಮೂರು ಪದ ಕೇಳಿಸಿಕೊಂಡು ಆಮೇಲೆ ನೆನಪಿಸಿಕೊಳ್ಳಬೇಕು. ನೂರರಿಂದ ಏಳೇಳು ಕಳೆಯುತ್ತಾ ಹೋಗಬೇಕು. ಪೆನ್ಸಿಲ್ಲು, ಗಡಿಯಾರ ತೋರಿಸಿದರೆ ಹೆಸರು ಹೇಳಬೇಕು. ಕಾಗದದ ಮೇಲೆ ಬರೆದಿರುವ ‘ಕಣ್ಣು ಮುಚ್ಚಿ’ ಎಂಬುದನ್ನು ಓದಿ ಹಾಗೇ ಮಾಡಬೇಕು. ಒಂದು ವಾಕ್ಯ ಬರೆಯಬೇಕು. ಒಂದರ ಮೇಲೊಂದು ಬಿದ್ದ ಎರಡು ಐದು ಮೂಲೆಯ ಚಿತ್ರ ನೋಡಿ ಬರೆಯಬೇಕು. ೨೪ಕ್ಕಿಂತ ಕಡಿಮೆ ಬಂದರೆ ಅನುಮಾನ.

ಇದರಲ್ಲಿ ಶಾಲೆ ಎಷ್ಟಿದೆ ಎಂದು ಎಣಿಸಿ. ಏಳು ಕಳೆಯುವುದಕ್ಕೆ ೫ ಅಂಕ, ಓದುವುದಕ್ಕೆ ೧, ಬರೆಯುವುದಕ್ಕೆ ೧, ಚಿತ್ರಕ್ಕೆ ೧. ಒಟ್ಟು ೮ ಅಂಕ ನೇರವಾಗಿ ಸ್ಲೇಟು ಬಳಪದ ಅಂಕ. ಬಾಗಿಲ ಮುಂದೆ ಚುಕ್ಕಿ ಇಟ್ಟು ರಂಗೋಲಿ ಬಿಡುವ ಕೈ, ಎಪ್ಪತ್ತೈದನೇ ವಯಸ್ಸಿನಲ್ಲಿ ಮೊದಲ ಸಲ ಪೆನ್ಸಿಲ್ಲು ಹಿಡಿದಾಗ ನಡುಗುತ್ತದೆ. ಆ ನಡುಕಕ್ಕೆ ಸೊನ್ನೆ.

ಇದು ಬಂಡಾಯದ ಕವಿಯೊಬ್ಬ ಹೊಟ್ಟೆಯುರಿಗೆ ಹೇಳುವ ಮಾತು ಎಂದುಕೊಳ್ಳಬೇಡಿ. ಅಮೆರಿಕದಲ್ಲೇ ಹದಿನೆಂಟು ಸಾವಿರಕ್ಕೂ ಹೆಚ್ಚು ಸಾಮಾನ್ಯ ಜನರಿಗೆ ಇದೇ ಪರೀಕ್ಷೆ ಮಾಡಿದ ಫಲಿತಾಂಶ ೧೯೯೩ರಲ್ಲಿ ಪ್ರಕಟವಾಯಿತು. ಒಂಬತ್ತು ವರ್ಷ ಅಥವಾ ಅದಕ್ಕಿಂತ ಹೆಚ್ಚು ಓದಿದವರ ನಡುವಿನ ಅಂಕ ೨೯. ಐದರಿಂದ ಎಂಟು ವರ್ಷ ಓದಿದವರದು ೨೬. ನಾಲ್ಕು ವರ್ಷ ಅಥವಾ ಅದಕ್ಕಿಂತ ಕಡಿಮೆ ಓದಿದವರದು ೨೨. ಅಂದರೆ ೨೪ರ ಗೆರೆ ಎಳೆದರೆ ಕಡಿಮೆ ಓದಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಗೆರೆಯ ಕೆಳಗೆ ಬೀಳುತ್ತಾರೆ. ಅವರೆಲ್ಲರಿಗೂ ಕಾಯಿಲೆ ಇತ್ತೇ? ಇಲ್ಲ. ಅವರಿಗೆ ಇಲ್ಲದೇ ಹೋದದ್ದು ಮೇಷ್ಟ್ರು.

ನಮ್ಮ ಅಜ್ಜಿಯನ್ನು, ಅವ್ವನ ಅವ್ವನನ್ನು, ಒಂದು ಸಲ ಪೇಟೆಯ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋಗಿದ್ದೆ. ಹೋದದ್ದು ಮಂಡಿ ನೋವಿಗೆ. ವಯಸ್ಸಾದವರಿಗೆಲ್ಲ ಮಾಡುತ್ತಿದ್ದೇವೆ ಎಂದು ಒಬ್ಬ ಎಳೆಯ ಹುಡುಗ ಫಾರಂ ಹಿಡಿದು ಬಂದ.

‘ಅಜ್ಜಿ, ಇವತ್ತು ಡೇಟ್ ಎಷ್ಟು ಹೇಳು.’

‘ಉತ್ತರೆ ಮಳೆ ನಡೀತಾ ಅದೆ ಕಣಪ್ಪ. ಅಮಾಸೆ ಕಳ್ದು ಮೂರು ದಿನ ಆಯ್ತು.’

‘ಅದಲ್ಲ ಅಜ್ಜಿ, ತಾರೀಖು.’

‘ತಾರೀಕು ನಮಗ್ಯಾಕಪ್ಪ?’

‘ನೂರರಲ್ಲಿ ಏಳು ಹೋದ್ರೆ?’

ಅಜ್ಜಿ ನನ್ನ ಮುಖ ನೋಡಿತು. ಆಮೇಲೆ ಅವನ ಕೋಟು ನೋಡಿತು. ‘ಗೊತ್ತಿಲ್ಲ ಬುದ್ಧಿ.’

ಮೊಮ್ಮಗನ ವಯಸ್ಸಿನ ಹುಡುಗನಿಗೆ ‘ಬುದ್ಧಿ’ ಎಂದಿತು. ಆ ಹುಡುಗ ಕೆಟ್ಟವನಲ್ಲ. ಅವನ ಹಿಂದೆ ನಲವತ್ತು ಜನರ ಸಾಲಿತ್ತು, ಬೆಳಗಿನಿಂದ ಟೀ ಕುಡಿದಿದ್ದನೋ ಇಲ್ಲವೋ. ಅವನು ಸೊನ್ನೆ ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋದ. ಇದೇ ಅಜ್ಜಿ ಸ್ತ್ರೀಶಕ್ತಿ ಸಂಘದಲ್ಲಿ ಯಾವ ವಾರ ಯಾರು ಎಷ್ಟು ಕಟ್ಟಿದರು, ಯಾರದು ಎಷ್ಟು ಬಾಕಿ ಎಂಬುದನ್ನು ಪುಸ್ತಕ ನೋಡದೆ ಹೇಳುತ್ತದೆ. ನೂರು ರೂಪಾಯಿ ಕೊಟ್ಟು ಏಳು ರೂಪಾಯಿ ಸಾಮಾನು ತರಿಸಿ ಒಂದು ರೂಪಾಯಿ ಕಡಿಮೆ ಚಿಲ್ಲರೆ ಕೊಟ್ಟು ನೋಡಿ, ನಿಮ್ಮ ಗ್ರಹಚಾರ ಬಿಡಿಸುತ್ತದೆ. ಲೆಕ್ಕ ಗೊತ್ತಿದೆ. ಯಾವ ಸಾಮಾನೂ ಇಲ್ಲದ, ಯಾರ ಕೂಲಿಯೂ ಅಲ್ಲದ, ಬರೀ ಗಾಳಿಯಲ್ಲಿ ತೇಲುವ ‘ಏಳು’ ಮಾತ್ರ ಗೊತ್ತಿಲ್ಲ.

ಉತ್ತರೆ ಮಳೆ ಎಂದರೆ ಸೆಪ್ಟೆಂಬರ್ ನಡುವಿನ ಹದಿಮೂರು ಹದಿನಾಲ್ಕು ದಿನ. ಅಮಾವಾಸ್ಯೆ ಕಳೆದು ಮೂರು ದಿನ ಎಂದರೆ ಅದರಲ್ಲಿ ಒಂದೇ ದಿನ. ಅಜ್ಜಿ ಹೇಳಿದ್ದು ತಾರೀಖಿನಷ್ಟೇ ಖಚಿತವಾದ ಉತ್ತರ. ಬಿತ್ತುವವರಿಗೆ ತಾರೀಖಿಗಿಂತ ಉಪಯೋಗದ ಉತ್ತರ. ಫಾರಂನಲ್ಲಿ ಅದಕ್ಕೆ ಜಾಗ ಇರಲಿಲ್ಲ, ಅಷ್ಟೆ.

*

ಪ್ರಶ್ನೆ ಎಂಬುದರ ಬಗ್ಗೆಯೇ ಸ್ವಲ್ಪ ಯೋಚಿಸಬೇಕು. ನಾವು ಊರಿನಲ್ಲಿ ಪ್ರಶ್ನೆ ಕೇಳುವುದು ಯಾವಾಗ? ನಮಗೆ ಗೊತ್ತಿಲ್ಲದಿದ್ದಾಗ. ಬಸ್ಸು ಹೋಯ್ತಾ? ನೀರು ಬಂತಾ? ತನಗೆ ಉತ್ತರ ಗೊತ್ತಿದ್ದೂ ಇನ್ನೊಬ್ಬರನ್ನು ಕೇಳುವ ವಿಚಿತ್ರ ಪದ್ಧತಿ ಇರುವುದು ಎರಡೇ ಜಾಗದಲ್ಲಿ: ಶಾಲೆಯಲ್ಲಿ ಮತ್ತು ಪೊಲೀಸ್ ಠಾಣೆಯಲ್ಲಿ. ಶಾಲೆಗೆ ಹೋದವನಿಗೆ ಅದು ಆಟ. ಉತ್ತರ ಹೇಳಿದರೆ ‘ಶಹಭಾಸ್’ ಸಿಗುತ್ತದೆ ಎಂದು ಅವನು ಹತ್ತು ವರ್ಷ ಕಲಿತಿದ್ದಾನೆ. ಶಾಲೆಗೆ ಹೋಗದವಳಿಗೆ ಗೊತ್ತಿರುವುದು ಇನ್ನೊಂದು ಜಾಗ ಮಾತ್ರ. ಹಾಗಾಗಿ ಅವಳು ಗುರಾಣಿ ಹಿಡಿಯುತ್ತಾಳೆ. ಪರೀಕ್ಷೆ ಆ ಗುರಾಣಿಯನ್ನು ಅಳೆದು, ಅದರ ಹಿಂದಿದ್ದ ಮನಸ್ಸನ್ನು ಅಳೆದೆ ಎನ್ನುತ್ತದೆ.

ಇದು ನಮ್ಮ ಕೇರಿಯ ಅನುಭವ ಮಾತ್ರವಲ್ಲ. ಸೋವಿಯತ್ ಮನಶ್ಶಾಸ್ತ್ರಜ್ಞ ಲೂರಿಯಾ ೧೯೩೧ ಮತ್ತು ೧೯೩೨ರಲ್ಲಿ ಉಜ್ಬೇಕಿಸ್ತಾನದ ಕಡೆಗೆ ಹೋಗಿ ಓದು ಬರಹ ಇಲ್ಲದ ರೈತರನ್ನು ಮಾತಾಡಿಸಿದರು. ಹಿಮ ಬೀಳುವ ಉತ್ತರದ ಸೀಮೆಯಲ್ಲಿ ಕರಡಿಗಳೆಲ್ಲ ಬಿಳಿ. ಇಂಥ ಊರು ಆ ಉತ್ತರದಲ್ಲಿದೆ. ಅಲ್ಲಿನ ಕರಡಿಯ ಬಣ್ಣ ಯಾವುದು? ಶಾಲೆ ಕಲಿತವರು ತಟ್ಟನೆ ‘ಬಿಳಿ’ ಎಂದರು. ರೈತರಲ್ಲಿ ಹಲವರು ಹೇಳಿದ್ದರ ಸಾರ ಇದು: ನಾನು ಅಲ್ಲಿಗೆ ಹೋಗಿಲ್ಲ, ನೋಡದೇ ಇದ್ದದ್ದನ್ನು ಹೇಳುವುದಿಲ್ಲ, ನೋಡಿದವರನ್ನು ಕೇಳಿ. ಲೂರಿಯಾ ಇದರಲ್ಲಿ ತರ್ಕದ ಕೊರತೆಯನ್ನು ಕಂಡರು. ನನಗೆ ಅದರಲ್ಲಿ ನೀತಿಯೂ ಕಾಣುತ್ತದೆ. ಕಾಣದ್ದಕ್ಕೆ ಸಾಕ್ಷಿ ಹೇಳಬಾರದು ಎಂಬ ನೀತಿ. ಲೂರಿಯಾ ಅವರ ಪುಸ್ತಕ ೧೯೭೪ರವರೆಗೆ ಹೊರಬರಲಿಲ್ಲ. ಅದರಲ್ಲಿ ಒಂದು ಮುಖ್ಯ ಮಾತಿದೆ: ಒಂದೆರಡು ವರ್ಷ ಶಾಲೆ ಕಲಿತ ಅದೇ ಊರಿನವರು ಈ ಪ್ರಶ್ನೆಗಳಿಗೆ ಸರಾಗವಾಗಿ ಉತ್ತರಿಸುತ್ತಿದ್ದರು. ಮಿದುಳು ಬದಲಾಗಲಿಕ್ಕೆ ತಲೆಮಾರುಗಳು ಬೇಕಾಗಲಿಲ್ಲ. ಆಮೇಲೆ ಸ್ಕ್ರಿಬ್ನರ್ ಮತ್ತು ಕೋಲ್ ಎಂಬುವರು ಆಫ್ರಿಕಾದ ಲೈಬೀರಿಯದಲ್ಲಿ, ಶಾಲೆಗೆ ಹೋಗದೆ ಮನೆಯಲ್ಲೇ ತಮ್ಮ ಲಿಪಿ ಕಲಿತ ವಾಯ್ ಜನರ ನಡುವೆ ಕೆಲಸ ಮಾಡಿ ೧೯೮೧ರಲ್ಲಿ ಬರೆದರು: ಇಂಥ ಪರೀಕ್ಷೆಗಳಲ್ಲಿ ಮೇಲೆ ಬರಲು ಬರೀ ಅಕ್ಷರ ಸಾಲದು, ಶಾಲೆಯ ಮಾತಿನ ರೀತಿ ಬೇಕು.

ನಮ್ಮ ನೀಲಗಾರರನ್ನು ನೆನೆಯಿರಿ. ಅಕ್ಷರ ಕಲಿಯದ ಎಷ್ಟೋ ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿಯ ಕತೆಯನ್ನು ರಾತ್ರಿಯಿಡೀ ಹಾಡಿದವರು. ಪಾವಗಡದ ಸೂಲಗಿತ್ತಿ ನರಸಮ್ಮನವರನ್ನು ನೆನೆಯಿರಿ. ಓದು ಬರಹ ಇಲ್ಲದೆ ಸಾವಿರಾರು ಹೆರಿಗೆ ಮಾಡಿಸಿದ ಆ ತಾಯಿಗೆ ೨೦೧೮ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಹೊಟ್ಟೆ ಮುಟ್ಟಿ ಮಗು ಹೇಗೆ ಮಲಗಿದೆ ಎಂದು ಹೇಳುವ ಬೆರಳಿಗೆ ಯಾವ ಫಾರಂನಲ್ಲಿ ಎಷ್ಟು ಅಂಕ?

*

ಇಲ್ಲಿಗೇ ನಿಲ್ಲಿಸಿದರೆ ಚಪ್ಪಾಳೆ ಬೀಳುತ್ತದೆ. ಆದರೆ ಇಲ್ಲಿಗೆ ನಿಲ್ಲಿಸುವುದು ಮೋಸ. ‘ನಮ್ಮ ಅಜ್ಜಿಯರು ಮಹಾ ಜ್ಞಾನಿಗಳು, ಪರೀಕ್ಷೆಯೆಲ್ಲ ಮೇಲ್ಜಾತಿಯವರ ಹುನ್ನಾರ’ ಎಂದು ಹೇಳಿ ಮನೆಗೆ ಹೋಗಿ ಮಲಗುವವನಿಗೆ ಕೇರಿಯ ಇನ್ನೊಂದು ಮನೆಯ ಕತ್ತಲೆ ಗೊತ್ತಿಲ್ಲ.

ಆ ಮನೆಯಲ್ಲಿ ಒಬ್ಬ ಅಜ್ಜ ಇದ್ದಾನೆ. ಈಗಷ್ಟೇ ಮುದ್ದೆ ಉಂಡು ಕೈ ತೊಳೆದವನು ಜಗಲಿಗೆ ಬಂದು, ‘ನನ್ ಸೊಸೆ ಮೂರು ದಿನದಿಂದ ಹಿಟ್ಟು ಹಾಕಿಲ್ಲ ಕಣ್ರಪ್ಪೋ’ ಎಂದು ಹೋಗಿ ಬರುವವರಿಗೆಲ್ಲ ಹೇಳುತ್ತಾನೆ. ಕೂಲಿಗೆ ಹೋಗಿ ಬಂದು ಬೇಯಿಸಿ ಹಾಕಿದ ಸೊಸೆಗೆ ಊರೆಲ್ಲ ಛೀಮಾರಿ. ಮಗ ಕುಡಿದು ಬಂದು ಇಬ್ಬರಿಗೂ ಹೊಡೆಯುತ್ತಾನೆ. ಅಜ್ಜ ಒಂದು ದಿನ ತನ್ನ ಬೀದಿಯಲ್ಲೇ ದಾರಿ ತಪ್ಪುತ್ತಾನೆ. ಗಾಳಿ ಸೋಕಿದೆ ಎಂದು ಶಾಸ್ತ್ರ ಕೇಳಿಸುತ್ತಾರೆ, ಸಾಲ ಮಾಡಿ ಕೋಳಿ ಕೊಯ್ಯುತ್ತಾರೆ. ಯಾರಾದರೂ ಆಸ್ಪತ್ರೆ ಎಂದರೆ ಬರುವ ಉತ್ತರ ಒಂದೇ: ಅರವತ್ತಕ್ಕೆ ಅರಳುಮರಳು, ವಯಸ್ಸಾದ ಮೇಲೆ ಇದ್ದದ್ದೇ.

ಈ ಗಾದೆ ಎಷ್ಟು ಜನರ ಕಾಯಿಲೆಯನ್ನು ಮುಚ್ಚಿಹಾಕಿದೆಯೋ! ಡಿಮೆನ್ಶಿಯಾ ಮುಪ್ಪಿನ ಸಹಜ ಗುಣವಲ್ಲ, ಮಿದುಳಿನ ಕಾಯಿಲೆ. ದೇಶದಾದ್ಯಂತ ನಡೆದ ಅಧ್ಯಯನವೊಂದನ್ನು ಆಧರಿಸಿ ೨೦೨೩ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ, ಭಾರತದಲ್ಲಿ ೬೦ ದಾಟಿದವರಲ್ಲಿ ನೂರಕ್ಕೆ ೭.೪ ಜನರಿಗೆ, ಸುಮಾರು ೮೮ ಲಕ್ಷ ಜನರಿಗೆ ಅದು ಇದೆ. ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಮರೆವೆಲ್ಲ ಡಿಮೆನ್ಶಿಯಾ ಕೂಡ ಅಲ್ಲ. ಥೈರಾಯ್ಡ್ ತೊಂದರೆ, ಬಿ-ಹನ್ನೆರಡು ವಿಟಮಿನ್ನಿನ ಕೊರತೆ, ಮನಸ್ಸಿನ ಖಿನ್ನತೆ ಇವುಗಳಿಂದ ಬಂದ ಮರೆವಿಗೆ ಚಿಕಿತ್ಸೆ ಇದೆ. ಪರೀಕ್ಷೆಯೇ ಆಗದಿದ್ದರೆ ಆ ಗುಣವಾಗುವ ಮರೆವೂ ಅರಳುಮರಳಿನ ಗುಂಡಿಗೇ ಬೀಳುತ್ತದೆ.

ಓದಿದ ಮನೆಯ ನಿವೃತ್ತ ಅಧಿಕಾರಿ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ತಪ್ಪು ಮಾಡಿದರೆ ಮನೆಯವರು ಬೆಚ್ಚಿ ಬೀಳುತ್ತಾರೆ: ಅಯ್ಯೋ, ಎಷ್ಟು ಚುರುಕಾಗಿದ್ದರು! ತಕ್ಷಣ ಡಾಕ್ಟರು, ಸ್ಕ್ಯಾನಿಂಗು. ಕೂಲಿಯ ಮುದುಕಿ ತಪ್ಪು ಮಾಡಿದರೆ: ‘ಅವಳಿಗೆ ಮೊದಲಿಂದ್ಲೂ ಏನು ಗೊತ್ತಿತ್ತು?’ ಮೊದಲಿಂದಲೂ ಬುದ್ಧಿ ಇಲ್ಲ ಎಂದು ತೀರ್ಮಾನವಾದವರ ಬುದ್ಧಿ ಕಳೆದುಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ಇರುವ ಬುದ್ಧಿಯನ್ನು ಇಲ್ಲ ಎನ್ನುವುದು ಒಂದು ಅನ್ಯಾಯ. ಇದ್ದದ್ದು ಹೋದಾಗ ಅದು ಹೋಯಿತೆಂದು ಗಮನಿಸದಿರುವುದು ಇನ್ನೊಂದು ಅನ್ಯಾಯ. ಎರಡರ ಬೇರೂ ಒಂದೇ: ಅವರನ್ನು ಬುದ್ಧಿಯುಳ್ಳವರೆಂದು ನಾವು ಯಾವತ್ತೂ ನೋಡಿರಲಿಲ್ಲ.

ಇದಕ್ಕಿಂತ ಕಹಿಯಾದ ಮಾತೊಂದಿದೆ. ಲ್ಯಾನ್ಸೆಟ್ ಪತ್ರಿಕೆ ನೇಮಿಸಿದ ತಜ್ಞರ ಆಯೋಗ ೨೦೨೪ರಲ್ಲಿ, ತಡೆಯಬಹುದಾದ ಹದಿನಾಲ್ಕು ಅಪಾಯಗಳನ್ನು ಪಟ್ಟಿ ಮಾಡಿತು. ಅದರಲ್ಲಿ ಚಿಕ್ಕಂದಿನ ವಿದ್ಯೆಯ ಕೊರತೆ ಇದೆ. ಕಿವಿ ಮಂದವಾಗುವುದು, ಕಣ್ಣು ಮಂಜಾಗುವುದು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಒಂಟಿತನ, ಕೆಟ್ಟ ಗಾಳಿ ಇವೆ. ಇದನ್ನು ಓದಿದರೆ ಕೇರಿಯ ಬದುಕಿನ ವರದಿ ಓದಿದ ಹಾಗಿದೆ. ಅಂದರೆ ಅಕ್ಷರ ವಂಚನೆ ಎರಡು ಸಲ ಹೊಡೆಯುತ್ತದೆ. ಒಮ್ಮೆ ಪರೀಕ್ಷೆಯ ಕಾಗದದ ಮೇಲೆ, ಕಾಯಿಲೆ ಇಲ್ಲದವಳನ್ನು ಕಾಯಿಲೆಯವಳೆಂದು ತೋರಿಸಿ. ಇನ್ನೊಮ್ಮೆ ಮಿದುಳಿನ ಒಳಗೇ, ಕಾಯಿಲೆಯನ್ನು ತಡೆದುಕೊಳ್ಳುವ ಕಸುವನ್ನು ಕಡಿಮೆ ಮಾಡಿ. ಮೊದಲನೆಯದು ಸುಳ್ಳು ಗಾಯ, ಎರಡನೆಯದು ನಿಜವಾದ ಗಾಯ. ಇವೆರಡನ್ನು ಬೇರೆ ಬೇರೆ ಮಾಡಿ ನೋಡುವುದಕ್ಕೆ ಒಳ್ಳೆಯ ಪರೀಕ್ಷೆಯೇ ಬೇಕು. ಪರೀಕ್ಷೆಯನ್ನು ಸುಡುವುದರಿಂದ ಆಗುವುದಿಲ್ಲ.

ಮೈಸೂರಿನಲ್ಲೇ ಇದರ ಒಂದು ಎಳೆ ಸಿಗುತ್ತದೆ. ನಾವೆಲ್ಲ ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ ೧೯೩೪ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿದ್ದರು. ಆ ಮಕ್ಕಳು ಮುದುಕರಾದ ಮೇಲೆ ಸಂಶೋಧಕರು ಅವರನ್ನು ಹುಡುಕಿಕೊಂಡು ಹೋಗಿ ನೆನಪು, ಗ್ರಹಿಕೆಗಳನ್ನು ಪರೀಕ್ಷಿಸಿದ್ದಾರೆ. ಬಸಿರಿಯ ಹೊಟ್ಟೆಗೆ ಬಿದ್ದ ಅನ್ನಕ್ಕೂ ಮಗುವಿನ ಮುಪ್ಪಿನ ನೆನ‍ಪಿಗೂ ನಂಟಿದೆಯೇ ಎಂಬುದು ಅವರ ಪ್ರಶ್ನೆ. ಒಳ್ಳೆಯ ಪ್ರಶ್ನೆ. ಆದರೆ ಆ ಕಾಲದಲ್ಲಿ ಗುಡಿಸಲಿನಲ್ಲೇ ಸೂಲಗಿತ್ತಿಯ ಕೈಗೆ ಹುಟ್ಟಿದವರ ತೂಕವನ್ನು ಯಾರೂ ಬರೆದಿಡಲಿಲ್ಲ. ಅವರ ಹಸಿವಿಗೆ ದಾಖಲೆ ಅವರ ಮೈಯೇ.

*

ಹಾಗಾದರೆ ನ್ಯಾಯದ ಅಳತೆ ಹೇಗಿರಬೇಕು? ಹಿಂದೆ ಕೆಲವು ಜಮೀನ್ದಾರರ ಮನೆಯಲ್ಲಿ ಎರಡು ಕೊಳಗ ಇರುತ್ತಿದ್ದವು, ಕೂಲಿ ಕೊಡಲು ಚಿಕ್ಕದು, ಗುತ್ತಿಗೆ ಅಳೆಸಿಕೊಳ್ಳಲು ದೊಡ್ಡದು. ನಾವು ಕೊಳಗವೇ ಬೇಡ ಎನ್ನಲಿಲ್ಲ, ಸರಿಯಾದ ಕೊಳಗ ತನ್ನಿ ಎಂದೆವು. ಇಲ್ಲೂ ಅಷ್ಟೆ.

ಸರಿಯಾದ ಕೊಳಗ ಮಾಡುವ ಕೆಲಸ ನಡೆದಿಲ್ಲ ಅಂತಲ್ಲ. ಹರಿಯಾಣದ ಬಲ್ಲಭಗಡದ ಹಳ್ಳಿಗಳಲ್ಲಿ ಮೇರಿ ಗಂಗೂಲಿ ಮತ್ತು ಸಂಗಡಿಗರು ಅಕ್ಷರ ಬಾರದ ಮುದುಕರಿಗಾಗಿ ಅಮೆರಿಕದ ಪರೀಕ್ಷೆಯನ್ನೇ ಬಿಚ್ಚಿ ಕಟ್ಟಿ ೧೯೯೫ರಲ್ಲಿ ಪ್ರಕಟಿಸಿದರು. ಓದಿ ಕಣ್ಣು ಮುಚ್ಚುವ ಬದಲು, ನನ್ನ ಮುಖ ನೋಡಿ ನಾನು ಮಾಡಿದ ಹಾಗೆ ಮಾಡಿ ಎಂದರು. ವಾಕ್ಯ ಬರೆಯುವ ಬದಲು, ನಿಮ್ಮ ಮನೆಯ ಬಗ್ಗೆ ಒಂದು ಮಾತು ಹೇಳಿ ಎಂದರು. ಎಷ್ಟು ಸಣ್ಣ ಬದಲಾವಣೆ! ಆದರೆ ಅದರೊಳಗೆ, ನಿನ್ನ ಕೈಗೆ ಅಕ್ಷರ ಬರದಿದ್ದರೂ ನಿನ್ನ ಬಾಯಿಗೆ ವಾಕ್ಯ ಬರುತ್ತದೆ ಎಂಬ ಗೌರವ ಇದೆ. ‘೧೦/೬೬’ ಎಂಬ ಸಂಶೋಧಕರ ಬಳಗ ಇದೆ. ಡಿಮೆನ್ಶಿಯಾ ಇರುವವರಲ್ಲಿ ನೂರಕ್ಕೆ ೬೬ ಜನ ಬಡ ದೇಶಗಳಲ್ಲಿದ್ದಾರೆ, ಅವರ ಬಗ್ಗೆ ನಡೆಯುವ ಸಂಶೋಧನೆ ನೂರಕ್ಕೆ ಹತ್ತೂ ಇಲ್ಲ ಎಂಬ ಸಿಟ್ಟನ್ನೇ ಹೆಸರು ಮಾಡಿಕೊಂಡ ಬಳಗ. ಅವರ ಪದ್ಧತಿಯಲ್ಲಿ ಮುದುಕರನ್ನು ಮಾತ್ರವಲ್ಲ, ಜೊತೆಯಲ್ಲಿ ಬದುಕುವವರನ್ನೂ ಕೇಳುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐದು ಭಾಷೆಗಳಲ್ಲಿ ರೂಪಿಸಿದ ಪರೀಕ್ಷೆಗಳಲ್ಲಿ ಕನ್ನಡವೂ ಇದೆ. ಕೋಲಾರದ ಶ್ರೀನಿವಾಸಪುರದ ಹಳ್ಳಿಗಳಲ್ಲಿ, ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದವರು ೨೦೧೮ರಿಂದ, ಸಾವಿರಾರು ಜನರನ್ನು ವರ್ಷಗಟ್ಟಲೆ ಮತ್ತೆ ಮತ್ತೆ ನೋಡುವ ಗುರಿ ಇಟ್ಟುಕೊಂಡು ಕೆಲಸ ಶುರು ಮಾಡಿದರು.

ಈ ‘ಮತ್ತೆ ಮತ್ತೆ ನೋಡುವುದು’ ಎಂಬುದರಲ್ಲೇ ನನ್ನ ಉತ್ತರವೂ ಇದೆ. ಒಬ್ಬ ಮುದುಕಿಯನ್ನು ಯಾರ ಜೊತೆ ಹೋಲಿಸಬೇಕು? ನಿವೃತ್ತ ಪ್ರೊಫೆಸರರ ಜೊತೆಯಲ್ಲ, ನಿನ್ನೆಯ ಅವಳ ಜೊತೆಗೇ. ಹೋದ ವರ್ಷ ಸಂಘದ ಲೆಕ್ಕ ಹೇಳುತ್ತಿದ್ದವಳು ಈ ವರ್ಷ ತಡವರಿಸುತ್ತಾಳೆಯೇ? ಸಾರಿಗೆ ಎರಡು ಸಲ ಉಪ್ಪು ಹಾಕುತ್ತಾಳೆಯೇ? ಸತ್ತ ತಂಗಿಯನ್ನು ಕರೆಯುತ್ತಾಳೆಯೇ? ಇದನ್ನು ಹೇಳಬಲ್ಲವರು ಮಗಳು, ಸೊಸೆ, ಪಕ್ಕದ ಮನೆಯವರು. ಹಾಗೆ ಕೇಳಬೇಕಾದರೆ ನಿನ್ನೆ ಅವಳಿಗೆ ಬುದ್ಧಿ ಇತ್ತು ಎಂದು ಮೊದಲು ಒಪ್ಪಿಕೊಳ್ಳಬೇಕು. ಈ ಒಪ್ಪಿಗೆ ವಿಜ್ಞಾನಕ್ಕೂ ಬೇಕು, ನೀತಿಗೂ ಬೇಕು.

ಮನಸ್ಸನ್ನು ಪ್ರಶ್ನಿಸುವ ಮುಂಚೆ ಕಿವಿ ನೋಡಬೇಕು, ಕಣ್ಣು ನೋಡಬೇಕು. ಕೇಳಿಸದ ಮೂರು ಪದಗಳನ್ನು ಯಾರು ತಾನೆ ನೆನಪಿಟ್ಟುಕೊಳ್ಳುತ್ತಾರೆ? ವಾಕ್ ಶ್ರವಣ ಸಂಸ್ಥೆ ಬೋಗಾದಿಯವರಿಗೆ ನಡೆದು ಹೋಗುವಷ್ಟು ಹತ್ತಿರ. ಆದರೂ ಅಲ್ಲಿಗೆ ಹೋಗಬಹುದು ಎಂದು ಗೊತ್ತಿಲ್ಲದ ಎಷ್ಟೋ ಕಿವಿಗಳು ಇಲ್ಲಿವೆ. ಮನೆಯ ಮಾತಿನಲ್ಲಿ ಕೇಳಬೇಕು, ಅದು ತೆಲುಗಾಗಲಿ, ಉರ್ದುವಾಗಲಿ, ಕೇರಿಯ ಕನ್ನಡವಾಗಲಿ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ ೬೪೮ ರೋಗಿಗಳನ್ನು ನೋಡಿ ೨೦೧೩ರಲ್ಲಿ ಬರೆದರು: ಒಂದೇ ಭಾಷೆ ಆಡುವವರಿಗಿಂತ ಎರಡು ಭಾಷೆ ಆಡುವವರಿಗೆ ಡಿಮೆನ್ಶಿಯಾ ನಾಲ್ಕೂವರೆ ವರ್ಷ ತಡವಾಗಿ ಬಂದಿತ್ತು. ಅಕ್ಷರ ಬಾರದವರಲ್ಲೂ ತಡವಾಗಿತ್ತು. ಸಂತೆಯಲ್ಲಿ ಮೂರು ಭಾಷೆಯಲ್ಲಿ ಚೌಕಾಸಿ ಮಾಡಿದ ನಮ್ಮ ಹೆಂಗಸರು ಶಾಲೆಯಿಲ್ಲದೆಯೂ ಮಿದುಳಿಗೆ ಏನನ್ನೋ ಕೂಡಿಟ್ಟುಕೊಂಡಿದ್ದಾರೆ. ಫಾರಂ ಅದನ್ನೂ ಕೇಳಲಿ.

ಇನ್ನೊಂದು ವಿಚಾರದಲ್ಲಿ ಎಚ್ಚರ ಬೇಕು: ಹೆಬ್ಬೆಟ್ಟು. ಹೊಲ ಲೇಔಟಾಗುವ ಊರಿನಲ್ಲಿ ಮುದುಕರ ಬುದ್ಧಿಗೆ ಬೆಲೆ ಇದೆ. ಹೆಬ್ಬೆಟ್ಟು ಒತ್ತಿಸಿಕೊಳ್ಳುವ ದಿನ ‘ಅಜ್ಜ ಗಟ್ಟಿಯಾಗವ್ನೆ’ ಎನ್ನುವ ಬಾಯಿಯೇ, ಅಜ್ಜ ತಕರಾರು ತೆಗೆದ ದಿನ ‘ಅವನಿಗೆ ಅರಳುಮರಳು’ ಎನ್ನಬಹುದು. ಕಾನೂನು ಕೇಳುವುದು ಮೂವತ್ತಕ್ಕೆ ಎಷ್ಟು ಅಂಕ ಎಂದಲ್ಲ. ೧೮೭೨ರ ಕರಾರು ಕಾಯ್ದೆ ಕೇಳುವುದು, ಒಪ್ಪಂದ ಮಾಡುವ ಹೊತ್ತಿನಲ್ಲಿ ಆ ಮನುಷ್ಯನಿಗೆ ಅದು ಅರ್ಥವಾಗಿತ್ತೇ, ತನ್ನ ಒಳಿತು ಕೆಡುಕನ್ನು ತೂಗಿ ನೋಡಬಲ್ಲವನಾಗಿದ್ದನೇ ಎಂದು. ೨೦೧೭ರ ಮಾನಸಿಕ ಆರೋಗ್ಯ ಕಾಯ್ದೆ, ಯಾರನ್ನೂ ಅವರ ಆರ್ಥಿಕ ಸಾಮಾಜಿಕ ಸ್ಥಿತಿಯ ಮೇಲೆ, ಜನಾಂಗ ಧರ್ಮಗಳ ಮೇಲೆ ಮಾನಸಿಕ ರೋಗಿ ಎಂದು ನಿರ್ಧರಿಸಬಾರದು ಎನ್ನುತ್ತದೆ. ಪರೀಕ್ಷೆಯ ಅಂಕ ಆಸ್ಪತ್ರೆಯಲ್ಲಿರಬೇಕು, ರಿಯಲ್ ಎಸ್ಟೇಟಿನವನ ಜೇಬಿನಲ್ಲಿ ಅಲ್ಲ.

ಹಳ್ಳಿಯ ಮೇಷ್ಟ್ರುಗಳೇ, ಸಮೀಕ್ಷೆಯ ಕೆಲಸ ನಿಮ್ಮ ಹೆಗಲಿಗೇ ಬೀಳುತ್ತದೆ. ಫಾರಂ ಹಿಡಿದು ಹೋದಾಗ ನಿಂತು ಕೇಳಬೇಡಿ, ಕೂತು ಕೇಳಿ. ‘ಹೇಳು’ ಎನ್ನಬೇಡಿ, ‘ಹೇಳವ್ವ’ ಎನ್ನಿ. ಯಾಕೆ ಕೇಳುತ್ತಿದ್ದೇವೆ, ಉತ್ತರದಿಂದ ಏನಾಗುತ್ತದೆ ಎಂದು ಮೊದಲು ತಿಳಿಸಿ. ಮನಶ್ಶಾಸ್ತ್ರ ಓದುತ್ತಿರುವ ಗೆಳೆಯರೇ, ನಮ್ಮ ಕೇರಿಗಳಿಂದ ಆ ವಿಭಾಗಗಳಿಗೆ ಹೋದವರು ನೀವು ಕೆಲವರೇ. ನಿಮ್ಮ ಗೈಡುಗಳು ಕೊಟ್ಟ ಪ್ರಶ್ನೆಗಳನ್ನು ಕನ್ನಡಕ್ಕೆ ತರುವುದಷ್ಟೇ ನಿಮ್ಮ ಕೆಲಸವಲ್ಲ. ಮಳೆ ನಕ್ಷತ್ರ, ಸಂತೆ, ಚೀಟಿ ಲೆಕ್ಕ, ನಾಟಿಯ ಸಾಲು ಇವುಗಳಿಂದ ಹೊಸ ಪ್ರಶ್ನೆ ಕಟ್ಟಿ, ನೂರಾರು ಮುದುಕರ ಹತ್ತಿರ ಅವನ್ನು ಒರೆಗೆ ಹಚ್ಚಿ ನೋಡಿ. ಸುಲಭದ ಕೆಲಸವಲ್ಲ, ವರ್ಷಗಳು ಬೇಕು. ಅಷ್ಟರೊಳಗೆ ಸಂಘಟನೆಯವರು ಮಾಡಬಹುದಾದ ಕೆಲಸವೂ ಇದೆ. ಕೇರಿಯಲ್ಲಿ ಯಾರ ಮನೆಯ ಹಿರಿಯರು ದಾರಿ ತಪ್ಪುತ್ತಿದ್ದಾರೆ, ಯಾವ ಸೊಸೆ ಸುಮ್ಮನೆ ಬೈಗುಳ ತಿನ್ನುತ್ತಿದ್ದಾಳೆ ನೋಡಿ. ಅವರನ್ನು ಶಾಸ್ತ್ರದವನ ಬಾಗಿಲಿನಿಂದ ಡಾಕ್ಟರ ಬಾಗಿಲಿಗೆ ಕರೆದುಕೊಂಡು ಹೋಗಿ, ಜೊತೆಯಲ್ಲಿ ಕೂತು ಅವರ ಮಾತನ್ನು ಡಾಕ್ಟರಿಗೆ ತಿಳಿಸಿ.

ನಮ್ಮ ಹಿರಿಯರಿಗೆ ಎರಡು ಹಕ್ಕು ಬಾಕಿ ಇವೆ. ಕಾಯಿಲೆ ಇಲ್ಲದಾಗ ದಡ್ಡರೆನಿಸಿಕೊಳ್ಳದ ಹಕ್ಕು, ಕಾಯಿಲೆ ಬಂದಾಗ ರೋಗಿ ಎನಿಸಿಕೊಂಡು ಆರೈಕೆ ಪಡೆಯುವ ಹಕ್ಕು. ಒಂದನ್ನು ಕೇಳಿ ಇನ್ನೊಂದನ್ನು ಬಿಡುವ ಹಾಗಿಲ್ಲ.